ಉಬ್ಬದ ಏಳನೇ ಜಾಕೆಟ್

ಮರಿತಾಯಮ್ಮನ ಹೆಣ ಸಂಗಮದ ಕೆಳಗೆ ಜೊಂಡಿನಲ್ಲಿ ಸಿಕ್ಕಿತು. ಮೈಮೇಲೆ ನೀರಲ್ಲಿ ತೇಲಿಸುವ ಲೈಫ್ ಜಾಕೆಟ್ ಇತ್ತು. ಗಂಟು ಬಿಗಿಯಾಗಿಯೇ ಇತ್ತು. ಆದರೆ ಅದು ಉಬ್ಬಿರಲಿಲ್ಲ — ಒದ್ದೆ ಹಳದಿ ಚೀಲದ ಹಾಗೆ ಎದೆಗೆ ಅಂಟಿಕೊಂಡಿತ್ತು.

ಕಳೆ ಕೀಳಲು ಹೊಳೆಯಾಚೆ ಹೊರಟ ಏಳು ಹೆಂಗಸರ ತೆಪ್ಪ ಬೆಳಿಗ್ಗೆ ಮಗುಚಿತ್ತು. ಏಳೂ ಜನ ಜಾಕೆಟ್ ಉಬ್ಬಿಸುವ ಕೆಂಪು ದಾರ ಎಳೆದಿದ್ದರು. ಆರು ಉಬ್ಬಿದವು, ಆರು ಜನ ಬದುಕಿದರು.

ಮಧ್ಯಾಹ್ನದ ಹೊತ್ತಿಗೆ ತೆಪ್ಪ ನಡೆಸುವ ದೊಡ್ಡಮಾದಯ್ಯನನ್ನು ತಿ. ನರಸೀಪುರ ಠಾಣೆಯಲ್ಲಿ ಕೂರಿಸಿದ್ದರು. ಹೊರಗೆ ನಾನು ‘ದೊಡ್ಡಮಾದಯ್ಯನನ್ನು ಬಿಡಿ’ ಎಂಬ ಫಲಕ ಹಿಡಿದು ಕೂಗುತ್ತಿದ್ದೆ. ಸೇತುವೆ ಕೇಳಿ ಹನ್ನೊಂದು ವರ್ಷ. ಸೇತುವೆ ಬರಲಿಲ್ಲ, ಜಾಕೆಟ್ಟೂ ಬರಲಿಲ್ಲ. ಕೊನೆಗೆ ನಂಜನಗೂಡಿನ ನಮ್ಮ ಓದು ಬಳಗದವರೇ ಗುಜರಿ ಅಂಗಡಿಯಲ್ಲಿ ಬೇಡಿ ತಂದಿದ್ದೆವು — ಮುಚ್ಚಿಹೋದ ಗಿರಿಜಾತ ಏರ್‌ವೇಸ್ ಎಂಬ ವಿಮಾನ ಕಂಪನಿಯ ಜಾಕೆಟ್ಟುಗಳು. ವಿಮಾನ ಹತ್ತುವವರ ಸೀಟಿನಡಿ ಇದ್ದದ್ದು ಗುಜರಿಗೆ ಬಿದ್ದ ಮೇಲೆ ಕೂಲಿಯವರ ಕೊರಳಿಗೆ. ಇದೇ ಈ ನಾಡಿನ ನ್ಯಾಯ.

ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಹೊರಗೆ ಬಂದರು. ಕೂಗಿದ್ದು ಸಾಕು, ಜೀಪು ಹತ್ತಿ ಅಂದರು.

"ಜಾಕೆಟ್ ಎಲ್ಲೂ ಹರಿದಿಲ್ಲ. ಅದರ ಕೊಳವೆಗೆ ಬಾಯಿಟ್ಟು ನಾನೇ ಊದಿ ನೋಡಿದೆ, ಗಾಳಿ ನಿಂತಿದೆ. ಅಂದ್ರೆ ಒಳಗಿನ ಗ್ಯಾಸ್ ಸಿಲಿಂಡರ್ ಮೊದಲೇ ಖಾಲಿ. ಯಾರೋ ಒಂದ್ಸಲ ಎಳೆದು, ಮಡಚಿ ಇಟ್ಟಿದ್ದಾರೆ. ಯಾರು?"

"ದೊಡ್ಡಮಾದಯ್ಯ ಅಲ್ಲ."

"ಒಂಬತ್ತು ದಿನ ಅವನ ಗುಡಿಸಲಲ್ಲೇ ಇದ್ದವು. ಸಂಗಮ ನೋಡೋಕೆ ಬಂದೋರಿಗೆ ಎಳೆದು ತೋರಿಸಿರಬಹುದು. ಸಂಜೆಯೊಳಗೆ ಕೇಸ್ ಹಾಕು ಅಂತ ಮೇಲಿನವರು ಕೂತಿದ್ದಾರೆ. ಅವನಲ್ಲ ಅಂದ್ರೆ ಇನ್ನೊಂದು ಹೆಸರು ಕೊಡಿ."

ಮೊದಲು ಗುಜರಿಯ ಚೆಲುವರಾಜು. ನನ್ನ ಪಕ್ಕ ಖಾಕಿ ಕಂಡು ಅವನು ಹೆದರಲಿಲ್ಲ, ಹಂಗಿಸಿದ. "ಏನ್ ನಾಗೇಂದ್ರಪ್ಪ, ಪುಕ್ಕಟೆ ಇಸ್ಕೊಂಡೋಗಿ ಈಗ ಪೊಲೀಸ್ನೋರ್ನ ಕರ್ಕೊಂಬಂದ್ರಾ?"

ಖಾಲಿ ಸಿಲಿಂಡರ್ ಕೊಟ್ಟೆಯಾ ಎಂದು ಆಶಾರಾಣಿ ಕೇಳಿದರು.

"ತೂಗ್ದೆ ನಮ್ಮಂಗಡಿಯಿಂದ ಮೊಳೆನೂ ಆಚೆ ಓಗಲ್ಲ ಮೇಡಂ. ತಾಮ್ರ ತೂಗೋ ತಕ್ಕಡೀಲಿ ಒಂದೊಂದೇ ಇಟ್ಟೆ. ಏಳೂ ಒಂದೇ ತೂಕ. ಒಂದ್ರಲ್ಲಿ ಗ್ಯಾಸ್ ಇಲ್ದೆ ಇದ್ರೆ ಅಷ್ಟು ಅಗುರ ಬರಬೇಕಿತ್ತಲ್ವಾ?"

ಆಶಾರಾಣಿ ತಲೆಯಾಡಿಸಿದರು. ಜೀಪಿನಲ್ಲಿ ಕೇಳಿದರು — ಇಲ್ಲಿಂದ ನೇರ ಹೊಳೆಗೆ ಹೋದವಾ?

ಇಲ್ಲ. ಶನಿವಾರ ತಂದೆವು, ಸೋಮವಾರ ಒಯ್ದೆ. ನಡುವೆ ಮೂಟೆ ಬಳಗದ ಕೋಣೆಯಲ್ಲಿತ್ತು.

"ಭಾನುವಾರ ಅಲ್ಲಿ ಯಾರಿದ್ರು?"

ಭಾನುವಾರ ಬಳಗದ ಸಭೆ. ಕಳಲೆಯ ಸರ್ವಮಂಗಳಾ ಮಾತಾಡಿದ್ದರು. ಹನ್ನೆರಡು ವರ್ಷ ಗಗನಸಖಿ; ದುಡಿದ ಕೊನೆಯ ಕಂಪನಿ ಇದೇ ಗಿರಿಜಾತ. ಕರ್ನಾಟಕದಲ್ಲಿ ನೆಲೆ ಮಾಡಿದ್ದ ವಿಮಾನ ಕಂಪನಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದಿದ್ದರು. ಎಡಕ್ಕೆ ಮುಚ್ಚಿದವು — ಡೆಕ್ಕನ್, ಕಿಂಗ್‌ಫಿಷರ್, ಪೆಗಾಸಸ್, ಕೊನೆಗೆ ಗಿರಿಜಾತ. ಬಲಕ್ಕೆ ಇನ್ನೂ ಹಾರುತ್ತಿರುವ ಸ್ಟಾರ್ ಏರ್. ಕಂಪನಿ ಸತ್ತರೆ ಪೇಪರಿನಲ್ಲಿ ಬರುತ್ತದೆ, ಅದರ ಮೂಟೆ ಹೊತ್ತವನು ಏನಾದ ಅಂತ ಯಾರೂ ಕೇಳಲ್ಲ ಅಂದಿದ್ದರು. ಕೊನೆಗೆ ನಗಿಸಲೆಂದು, ವಿಮಾನದಲ್ಲಿ ಜಾಕೆಟ್ ತೊಟ್ಟು ತೋರಿಸುತ್ತಾರಲ್ಲ, ಅದನ್ನು ಮಾಡಿ ತೋರಿಸಿದರು.

"ಯಾರೋ ‘ಎಳೀರಿ ಮೇಡಂ’ ಅಂದರು. ಎಳೆದರು. ಬುಸ್ಸಂತ ಉಬ್ಬಿತು. ಗೋವಿಂದಮ್ಮ ಅನ್ನೋರು ಬೆಚ್ಚಿ ಟೀ ಚೆಲ್ಲಿಕೊಂಡರು. ಎಲ್ಲ ನಕ್ಕೆವು."

"ಯಾರ ಜಾಕೆಟ್?"

"ಅವರದ್ದೇ ಇರಬೇಕು. ಕೆಲಸದಲ್ಲಿ ತೋರಿಸುತ್ತಿದ್ದದ್ದು."

ಆಶಾರಾಣಿ ಜೀಪು ಕಳಲೆಗೆ ತಿರುಗಿಸಲು ಹೇಳಿದರು.

ಸರ್ವಮಂಗಳಾ ಜಗಲಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಸಾವಿನ ಸುದ್ದಿ ಅವರಿಗೆ ತಲುಪಿತ್ತು. ನಮ್ಮನ್ನು ಕಂಡು ಏಳಲಿಲ್ಲ.

"ಜಾಕೆಟ್ ತೊಟ್ಟು ಎಷ್ಟು ಸಲ ತೋರಿಸಿದ್ದೀರಿ?"

"ಹನ್ನೆರಡು ವರ್ಷ. ದಿನಕ್ಕೆ ನಾಲ್ಕು ಸಲ."

"ದಾರ ಎಷ್ಟು ಸಲ ಎಳೆದಿದ್ದೀರಿ?"

ಟವೆಲ್ಲು ಮೂರು ಮಡಿಕೆಯಾಯಿತು. ಅಂಗೈ ಅದನ್ನು ಒತ್ತಿ ಸಾಪು ಮಾಡಿತು. "ಎಳೆಯೋ ಹಾಗೆ ಕೈ ಮಾಡ್ತೀವಿ, ಎಳೆಯಲ್ಲ."

"ಎಳೆದರೆ?"

"ಏನೂ ಆಗಲ್ಲ. ತೋರಿಸೋ ಜಾಕೆಟ್ಟಲ್ಲಿ ಗ್ಯಾಸೇ ಇರಲ್ಲ."

ಆಶಾರಾಣಿ ನನ್ನ ಕಡೆ ತಿರುಗಿದರು.

"ನಾಗೇಂದ್ರಪ್ಪ ಅವರೇ, ಹೇಳಿದ್ದು ನೀವೇ, ನಿಮಗೇ ಕೇಳಿಸಲಿಲ್ಲ. ಬುಸ್ಸಂತ ಉಬ್ಬಿತು ಅಂದ್ರಿ. ತೋರಿಸೋ ಜಾಕೆಟ್ ಉಬ್ಬಲ್ಲ. ಉಬ್ಬಿದ್ದು ನಿಜವಾದದ್ದು. ಆ ಕೋಣೆಯಲ್ಲಿ ನಿಜವಾದದ್ದು ಇದ್ದದ್ದು ಒಂದೇ ಕಡೆ — ನಿಮ್ಮ ಮೂಟೆಯಲ್ಲಿ."

ಸರ್ವಮಂಗಳಾ ಅಲ್ಲಗಳೆಯಲಿಲ್ಲ. ಕಂಪನಿ ಮುಚ್ಚಿದ ದಿನ ಗುರುತಿನ ಚೀಟಿಯ ಜೊತೆ ಅವರ ಜಾಕೆಟ್ಟನ್ನೂ ಕಿತ್ತುಕೊಂಡಿದ್ದರು. ಅದಕ್ಕೆ ಮೂಟೆಯಿಂದ ಒಂದನ್ನು ತೆಗೆದಿದ್ದರು. ಸಭೆ ಮುಗಿದ ಮೇಲೆ ಗಾಳಿ ಬಿಟ್ಟು, ಮಡಚಿ, ಇದ್ದಲ್ಲೇ ಇಟ್ಟರು. ವಿಮಾನದಲ್ಲಿ ಪ್ರತಿ ಸಲ ತೋರಿಸಿದ ಮೇಲೂ ಅವರ ಕೈ ಮಡಚಿ ಇಡುತ್ತಿದ್ದದ್ದು ಹಾಗೆಯೇ. ಅದು ಇನ್ನು ಉಬ್ಬುವುದಿಲ್ಲ ಎಂದು ಹೊಳೆದದ್ದು ಕಳಲೆಯ ಬಸ್ಸಿನಲ್ಲಿ.

"ಫೋನ್ ಮಾಡೋಕೆ ಮೂರು ಸಲ ತೆಗೆದೆ," ಅಂದರು. "ಹನ್ನೆರಡು ವರ್ಷ ಜೀವ ಉಳಿಸೋದು ಹೇಳ್ಕೊಟ್ಟೋಳು ಹಿಂಗೆ ಮಾಡಿದಳಾ ಅಂತೀರಿ ಅಂತ… ನಾಚಿಕೆ ಆಯ್ತು. ನಾಚಿಕೆಗೆ ಒಂದು ಜೀವ ಕೊಟ್ಟೆ."

"ಮಡಚಿಟ್ಟ ಕೈ ಇವರದು," ಅಂದರು ಆಶಾರಾಣಿ. "ಇನ್ನೊಂದು ಉಳಿದಿದೆ. ‘ಎಳೀರಿ’ ಅಂದ ಆ ಯಾರೋ — ಯಾರು?"

ಸರ್ವಮಂಗಳಾ ನನ್ನ ಕಡೆ ನೋಡಲಿಲ್ಲ. ನನ್ನನ್ನು ಉಳಿಸಲೆಂದೇ ನೋಡಲಿಲ್ಲ.

"ನಾನೇ," ಅಂದೆ.

ಬೇಡ, ಸುಮ್ಮನೆ ಕೈ ಮಾಡಿ ತೋರಿಸ್ತೀನಿ ಅಂದಿದ್ದರು ಅವರು. ನಾಟಕ ಬೇಡ ಮೇಡಂ, ನಮ್ಮ ಜನ ನಿಜವಾಗಿ ಮುಳುಗೋರು, ಎಳೀರಿ ಎಂದು ಕೂಗಿದವನು ನಾನು. ಚಪ್ಪಾಳೆಗೆ ಕೂಗಿದ್ದೆ. ಸೋಮವಾರ ಮೂಟೆ ಎತ್ತುವಾಗ ಗಂಟು ನಾನು ಹಾಕಿದ್ದಲ್ಲ ಎಂದು ಕಂಡಿತ್ತು. ಬಿಚ್ಚಿ ನೋಡಲಿಲ್ಲ. ಹೊಳೆದಂಡೆಯಲ್ಲಿ ಪತ್ರಿಕೆಯವರು ಕಾಯುತ್ತಿದ್ದರು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಮುಳುಗಿದ್ರೆ ಎಳೀರಿ ಎಂದು ಹೇಳಿಕೊಟ್ಟು, ಫೋಟೊ ತೆಗೆಸಿಕೊಂಡೆ. ಬಾಯಿಂದ ಊದುವ ಕೊಳವೆಯೊಂದಿದೆ ಎಂದು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ.

ಠಾಣೆಯಲ್ಲಿ ಇಬ್ಬರೂ ಹೇಳಿಕೆ ಬರೆದು ಸಹಿ ಹಾಕಿದೆವು. ನನ್ನದರಲ್ಲಿ ‘ಯಾರೋ’ ಎಂಬ ಮಾತು ಇರಲಿಲ್ಲ. ಬಾರದ ಸೇತುವೆಯ ವಿಷಯವನ್ನೂ ಬರೆದೆ. ಅದಕ್ಕೆ ಸಹಿ ಹಾಕುವವರು ಯಾರೂ ಇರಲಿಲ್ಲ.

ದೊಡ್ಡಮಾದಯ್ಯ ಹೊರಗೆ ಬಂದ. ಗೇಟಿಗೆ ಒರಗಿಸಿದ್ದ ಫಲಕ ಇನ್ನೂ ಅಲ್ಲೇ ಇತ್ತು.

"ಯಾರಂತೆ ಸಾ?"

"ಎಳೆದದ್ದು ಸರ್ವಮಂಗಳಾ ಅನ್ನೋರು. ಎಳೆಸಿದ್ದು ನಾನು ಕಣಯ್ಯ."

ಅವನು ಬೈಯಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಮರಿತಾಯಿ ಎಲ್ಡು ಸತಿ ಎಳುದ್ಲು ಸಾ. ಈಜ್ತಾ ನೋಡ್ದೆ ನಾನು. ನೀವು ಏಳ್ಕೊಟ್ಟಂಗೇಯ ಎಳುದ್ಲು."