ಗಂಟಿನೊಳಗಿನ ಬರಹ

“ಆ ಗಂಟಿಗೆ ಕೈ ಹಚ್ಚಬ್ಯಾಡ್ರಿ!”

ದೌಲಪ್ಪ ಬೆಚ್ಚಿ ಕೈ ಹಿಂದೆಗೆದುಕೊಂಡ. ದೇವರ ಕೋಣೆಯೊಳಗೆ ಓಡಿ ಬಂದ ಭಾಗಮ್ಮ ಗಂಟಿಗೆ ಅಡ್ಡ ನಿಂತಳು.

ಕಮಲಾಪುರದ ಆ ಮನೆಯಲ್ಲಿ ಕೆಂಪು ಬಟ್ಟೆಯ ಗಂಟಿಗೆ ದಿನಾ ವಿಭೂತಿ, ಹೂವು. ಒಳಗಿರುವುದು ಅವಳ ಮುತ್ತಜ್ಜ ಬಾಳೆ ತೋಟದ ಬಗ್ಗೆ ಬರೆದಿಟ್ಟ ಕಾಗದ ಎಂದು ಎಲ್ಲರ ನಂಬಿಕೆ. ಪೂಜೆ ಮಾಡಿದವರೇ ಎಲ್ಲ, ಬಿಚ್ಚಿ ಓದಿದವರು ಯಾರೂ ಇಲ್ಲ!

ದೌಲಪ್ಪ ಕಲಬುರ್ಗಿಯಲ್ಲಿ ಮಾಸ್ತರ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಅಚ್ಚಾದ ಪುಸ್ತಕ ಅವನಿಗೆ ಒಂದೂ ಸಿಕ್ಕಿರಲಿಲ್ಲ. ಹೀಗಾಗಿ ತೋಟದವರ ಚೀಟಿ, ಹಳೆಯ ಪತ್ರ, ಕಚೇರಿಯ ಮೂಲೆಯಲ್ಲಿ ಧೂಳು ತಿನ್ನುವ ವರದಿ... ಅಚ್ಚಿನ ಮುಖ ಕಾಣದ್ದನ್ನೆಲ್ಲ ಹುಡುಕಿ ಪುಸ್ತಕ ಮಾಡುವ ಹುಚ್ಚು ಹತ್ತಿತ್ತು.

“ಇರ್ಲಿ ಬಿಡವಾ, ಮಾಸ್ತರು ಓದ್ಲಿ,” ಎಂದರು ಭಾಗಮ್ಮನ ತಂದೆ ಜಗದೇವಪ್ಪ.

‘ಮುಗೀತು ನನ್ನ ಕಥೆ...’ ಎಂದುಕೊಂಡಳು ಭಾಗಮ್ಮ.

ಮೂರು ದಿನ ದೌಲಪ್ಪ ಪಡಸಾಲೆಯಲ್ಲಿ ಕೂತು ನಕಲು ಮಾಡಿದ. ಬಾಳೆಯ ಬುಡದ ಯಾವ ಮರಿ ಉಳಿಸಬೇಕು, ಗೊನೆ ಹೊತ್ತ ಗಿಡಕ್ಕೆ ಯಾವ ಕಡೆ ಆಸರೆ ಕೊಡಬೇಕು, ಎಲ್ಲವೂ ಅದರಲ್ಲಿತ್ತು. ನೀರು ತಂದ ಭಾಗಮ್ಮನಿಗೆ ಅವನು ಓದಿ ಹೇಳುತ್ತಿದ್ದ.

“ಎಂಥಾ ಸೂಕ್ಷ್ಮ ಕಣ್ಣರೀ ಇವರ್ದು! ಬರೆದವ್ರ ಕಾಲಿಗೆ ಬೀಳಬೇಕು ನೋಡ್ರಿ.”

ಭಾಗಮ್ಮ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡಳು. ನಗು ಬಂತು, ಅಳುವೂ ಬಂತು. ಇಷ್ಟು ಪ್ರೀತಿಯಿಂದ ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ಅವನ ಮೇಲೆ ಮನಸ್ಸಾಗಿತ್ತು, ಮುಚ್ಚಿಟ್ಟು ಏನು ಪ್ರಯೋಜನ!

ಮೂರನೆಯ ದಿನ ಅವನು ತಲೆಬರಹ ಬರೆದ: ‘ನೂರು ವರ್ಷದ ಹಿಂದಿನ ಬರಹ’. ಭಾಗಮ್ಮ ನೀರಿನ ತಂಬಿಗೆ ಕೆಳಗಿಟ್ಟಳು. ‘ಹೇಳಿದರೆ ಇವರು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ನಾಳೆ ಜನ ಇವರನ್ನು ನೋಡಿ ನಗುತ್ತಾರೆ...’

“ಮಾಸ್ತರ, ಅದು ಮುತ್ತಜ್ಜಂದಲ್ರಿ. ಅವರ ಕಾಗದ ಗೆದ್ದಲ ತಿಂದಾವ. ಅಪ್ಪಗ ಅಂಜಿ ಗಂಟು ತುಂಬಾಕ ಹಳೇ ಹಾಳಿ ಮ್ಯಾಲ ನಾನೇ ಬರದಿಟ್ಟೀನ್ರಿ. ತ್ವಾಟದಾಗ ನಾ ಕಂಡದ್ದು.”

ದೌಲಪ್ಪ ಅವಳನ್ನೇ ನೋಡಿದ. ಮಾತಿಲ್ಲದೆ ನಕಲಿನ ಕಾಗದ ಮಡಚಿ, ಚೀಲ ಎತ್ತಿಕೊಂಡು ಕಲಬುರ್ಗಿಯ ದಾರಿ ಹಿಡಿದ. ಭಾಗಮ್ಮ ತೋಟಕ್ಕೆ ಹೋಗಿ ಮನಸಾರೆ ಅತ್ತಳು.

ಎಂಟನೆಯ ದಿನ ಮನೆ ಮುಂದೆ ಟಾಂಗಾ ನಿಂತಿತು. ದೌಲಪ್ಪನ ಜೊತೆ ಅವನ ತಾಯಿ ಸೂಗಮ್ಮ ಇಳಿದರು. ಅವನು ಜಗದೇವಪ್ಪನವರ ಕೈಗೆ ತನ್ನ ಪುಸ್ತಕದ ಮೊದಲ ಹಾಳೆಯನ್ನು ಕೊಟ್ಟ. ‘ಬರೆದವರು: ಜಗದೇವಪ್ಪನವರ ಮಗಳು ಭಾಗಮ್ಮ, ಕಮಲಾಪುರ.’

ಭಾಗಮ್ಮ ತಲೆ ತಗ್ಗಿಸಿದಳು. ಜಗದೇವಪ್ಪ ಗೊಳ್ಳನೆ ನಕ್ಕರು.

“ನನಗ ಗೊತ್ತಿತ್ತು ಬಿಡವಾ. ಗೆದ್ದಲ ಹತ್ತಿದ ಗಂಟು ವರ್ಷಾ ದಪ್ಪ ಆಗಾಕತ್ತಿದ್ರ ತಿಳೀದೇನು?”

ಮಗನಿಗೆ ಹೆಣ್ಣು ಕೇಳಲು ಬಂದೆವೆಂದರು ಸೂಗಮ್ಮ. ಜಗದೇವಪ್ಪ ಮಗಳ ಮುಖ ನೋಡಿದರು. ಅದು ಕೆಂಪಾಗಿತ್ತು. ಹಿರಿಯರಿಬ್ಬರೂ ಮಾತಾಡುತ್ತ ಒಳಗೆ ನಡೆದರು.

“ಅವತ್ತು ಯಾಕ ಸುಮ್ನ ಹೋದ್ರಿ?” ಎಂದಳು ಭಾಗಮ್ಮ.

“ವರ್ಷಗಟ್ಟಲೆ ಸತ್ತವ್ರ ಬರಹ ಹುಡುಕ್ದಾಂವ ನಾ. ಬರೆದವ್ರೇ ಎದುರಿಗೆ ನಿಂತಾರ ಅಂದ್ರ ಬಾಯಿ ಕಟ್ಟಿತ್ರಿ. ಅವ್ವನ್ನ ಕರ್ಕೊಂಡು ಬರಾಕ ಹೋಗಿದ್ದೆ... ನಮ್ಮ ಹಿತ್ತಲದಾಗ ಬಾಳಿ ಹಚ್ತೀರೇನು?”

“ಕಲಬುರ್ಗಿ ಮಣ್ಣಾಗ ಕೆಂಪು ಬಾಳಿ ಬೆಳಿಯಂಗಿಲ್ರಿ.”

“ಬೆಳೀಲಿಲ್ಲಂದ್ರ, ಬೆಳೀಲಿಲ್ಲಂತ ಬರೀರಿ. ನಾ ಓದ್ತೀನಿ.”

ಭಾಗಮ್ಮ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

“ಹಂಗಾದ್ರ ಬರ್ತೀನ್ರಿ.”