ಎಣಿಸದೆ ಉಳಿದ ಸುತ್ತುಗಳು

“ಹತ್ತು... ಹನ್ನೊಂದು... ಹನ್ನೆರಡು...”

ಹದಿಮೂರು ಬರಲೇ ಇಲ್ಲ.

ಅಂಗಡಿಯ ಬಾಗಿಲಲ್ಲಿ ಯಾರೋ ನಿಂತಿದ್ದರು. ಎತ್ತರದ ಆಳು, ತೋಳಿಗೆಲ್ಲ ಅಂಟಿದ ಕಟ್ಟಿಗೆಯ ಹೊಟ್ಟು, ಕೈಯಲ್ಲಿ ಕಳಚಿದ ಚಪ್ಪಲಿ. ಮೋಟಾರ್ ರಿಪೇರಿ ಅಂಗಡಿಗೆ ಚಪ್ಪಲಿ ಕಳಚಿ ಬರುವವನನ್ನು ಆರ್ಜೂ ತನ್ನ ಇಪ್ಪತ್ತಾರು ವರ್ಷಗಳಲ್ಲಿ ನೋಡಿರಲಿಲ್ಲ.

“ಮಕ್ತುಮಸಾಬ ಕಾಕಾರ ಅಂಗಡಿ ಇದೇ ಏನ್ರಿ?”

“ಹೌದ್ರಿ. ಅಬ್ಬಾ ಹೊರಗ ಹೋಗ್ಯಾರ... ಚಪ್ಪಲಿ ಹಾಕ್ಕೊಂಡ ಬರ್ರಿ. ಕೆಳಗ ತಂತಿ ತುಂಡು ಬಿದ್ದಾವು, ಚುಚ್ಚತಾವು.”

ಅವನು ನಕ್ಕ. ಮುಂದೆ ಆದ ಅನಾಹುತಕ್ಕೆಲ್ಲ ಆ ನಗುವೇ ಮೂಲ ಎಂದರೆ ತಪ್ಪಾಗಲಿಕ್ಕಿಲ್ಲ.

“ನಾ ಇಸ್ತಿಯಾಕ ಅಂತ್ರಿ. ರಾಯಾಪುರದಾಗ ಗಿಟಾರ್ ಮಾಡ್ತೇನಿ. ಕಾಕಾರ ಕಡೆ ಕಾಯಿಲ್ ಸುತ್ತಾಕ ಕಳಿಸಿದ್ದೆ.”

“ಅದನ್ನ ಸುತ್ತಾಕತ್ತೇನ್ರಿ.”

ಹುಬ್ಬಳ್ಳಿಯ ಕೇಶ್ವಾಪುರದ ಆ ಸಣ್ಣ ಅಂಗಡಿಯಲ್ಲಿ ಫ್ಯಾನು, ಮಿಕ್ಸರು, ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದೇ ಕಸುಬು. ಗಿಟಾರಿನ ಕೆಲಸ ಬಂದದ್ದು ಅದೇ ಮೊದಲು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಒಂದು ಕಾಯಿಲ್ ಇರುತ್ತದೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವುದು ಅದೇ. ಅದಕ್ಕೆ ಕೂದಲಿಗಿಂತ ತೆಳುವಾದ ತಂತಿಯನ್ನು ಎಂಟು ಸಾವಿರ ಸುತ್ತು ಸುತ್ತಬೇಕು. ಅಬ್ಬಾನ ಹಳೆಯ ಕೈಯಂತ್ರದಲ್ಲಿ ಎಣಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಆರ್ಜೂ ಬಾಯಲ್ಲೇ ಎಣಿಸುತ್ತಿದ್ದಳು. ನೂರಾದರೆ ಎದುರಿನ ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ. ಅವಳ ಎಣಿಕೆ ತಪ್ಪಿದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ.

ಆಗ ಹಲಗೆಯ ಮೇಲೆ ಮೂವತ್ನಾಲ್ಕು ಗೆರೆಗಳಿದ್ದವು.

ಇಸ್ತಿಯಾಕ ಸ್ಟೂಲು ಎಳೆದುಕೊಂಡು ಕೂತ. ತಾನು ಮಾಡಿದ ಒಂದು ಗಿಟಾರಿನ ಹಾಗೆ ಇನ್ನೊಂದು ಈ ಭೂಮಿಯ ಮೇಲೆ ಇಲ್ಲ ಎಂದ. ಒಂದಕ್ಕೆ ಹಳೆ ಮನೆಯ ಹೊಸ್ತಿಲು, ಒಂದಕ್ಕೆ ಮುರಿದ ಚಕ್ಕಡಿಯ ನೊಗ. ಈ ಕಾಯಿಲ್ ಕೂರಬೇಕಾದ ಗಿಟಾರಿಗೆ ಹುಬ್ಬಳ್ಳಿಯಲ್ಲಿ ಕೆಡವಿದ ಹತ್ತಿ ಮಿಲ್ಲಿನ ಸಾಗವಾನಿ ತೊಲೆ. ತೊಲೆಗೆ ಹೊಡೆದಿದ್ದ ಮೊಳೆಯ ತೂತನ್ನೂ ಮುಚ್ಚದೆ ಹಾಗೇ ಬಿಟ್ಟಿದ್ದನಂತೆ.

ಆರ್ಜೂ ಕೇಳುತ್ತಿದ್ದಳು. ಕೈ ಯಂತ್ರವನ್ನು ತಿರುಗಿಸುತ್ತಲೇ ಇತ್ತು. ಬಾಯಿ ಮಾತ್ರ ಎಣಿಕೆ ಬಿಟ್ಟು “ಹೌದೇನ್ರಿ?” “ಆಮ್ಯಾಲೆ?” ಎನ್ನುತ್ತಿತ್ತು.

“ಪ್ರತಿ ಗಿಟಾರಿನ ಹೊಟ್ಟ್ಯಾಗ ಒಂದು ಚೀಟಿ ಅಂಟಸ್ತೇನ್ರಿ,” ಎಂದ ಅವನು. “ಕಟ್ಟಿಗಿ ಎಲ್ಲಿದು, ಕಾಯಿಲ್ ಎಷ್ಟು ಸುತ್ತು, ಸುತ್ತಿದವರು ಯಾರು, ಎಲ್ಲಾ. ನಾ ಬಾಗಲಾ ಚೌಕಟ್ಟು ಮಾಡೋ ಬಡಿಗ್ಯಾನ ಮಗ. ದೊಡ್ಡ ಊರಿನ ಮಂದಿ ನನ್ನ ಮಾತು ಯಾಕ ನಂಬಬೇಕು? ಆ ಚೀಟಿ ನೋಡಿ ನಂಬತಾರ. ಈ ಸಲ ಅದ್ರಾಗ ನಿಮ್ಮ ಹೆಸರು ಬರೀತೇನಿ.”

ಆರ್ಜೂಳ ಕಿವಿ ಬಿಸಿಯಾಯಿತು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರನ್ನು ಯಾರೂ ಎಲ್ಲೂ ಬರೆದದ್ದೇ ಇಲ್ಲ.

ಆಗಲೇ ಅವಳು ಹಲಗೆ ನೋಡಿದ್ದು.

ಮೂವತ್ನಾಲ್ಕೇ ಗೆರೆ. ಕಾಯಿಲ್ ಮಾತ್ರ ಎಷ್ಟೋ ದಪ್ಪಗಾಗಿತ್ತು.

ಬಿಚ್ಚಿ ಮತ್ತೆ ಸುತ್ತಿದ್ದರೆ ಮುಗಿದೇ ಹೋಗುತ್ತಿತ್ತು. ಒಂದೂವರೆ ಗಂಟೆಯ ಕೆಲಸ. ಆದರೆ ಯಾಕೆ ತಪ್ಪಿತು ಎಂದು ಅವನು ಕೇಳಿದರೆ? ನಿಮ್ಮ ಮುಖ ನೋಡುತ್ತ ಕೂತಿದ್ದೆ ಎಂದು ಹೇಳುವುದೇ? ಅಬ್ಬಾನ ಅಂಗಡಿಯಲ್ಲಿ ಕೂತು, ಹೆಸರೂ ಈಗಷ್ಟೇ ಗೊತ್ತಾದ ಗಂಡಸಿಗೆ?

ಕಣ್ಣಂದಾಜಿನಲ್ಲಿ ಇನ್ನಷ್ಟು ಸುತ್ತಿ ಅವಳು ತಂತಿ ಕತ್ತರಿಸಿದಳು.

“ಎಂಟು ಸಾವಿರ ಆತೇನ್ರಿ?”

“ಆತ್ರಿ.”

ಆ ಒಂದು ಮಾತು ಎಂಟು ತಿಂಗಳು ಅವಳ ಗಂಟಲಲ್ಲೇ ಕೂತಿತ್ತು.

*

ಆ ಗಿಟಾರನ್ನು ಕೊಂಡವರು ಧಾರವಾಡದ ಕೆಲಗೇರಿಯ ಬಸವಪ್ರಭು ಸಾಹುಕಾರರು. ಮೂರು ತಲೆಮಾರಿನ ಹತ್ತಿ ವ್ಯಾಪಾರದ ಮನೆತನ. ಅವರ ಮನೆಯಲ್ಲಿ ಒಂದು ಕೋಣೆಯ ತುಂಬ ಹತ್ತೊಂಬತ್ತು ಗಿಟಾರುಗಳು, ಎಲ್ಲ ಕೈಯಿಂದ ಮಾಡಿದವು, ಯಾವುದಕ್ಕೂ ಜೋಡಿ ಇಲ್ಲ. ಕೆಡವಿದ ಆ ಮಿಲ್ಲು ಅವರ ಅಜ್ಜನದಾಗಿತ್ತು. ಹೀಗಾಗಿ ಇಪ್ಪತ್ತನೆಯದರ ಮೇಲೆ ಅವರಿಗೆ ಜೀವ.

ಮತ್ತು ಅದರ ದನಿ! ಕೇಳಿದವರೆಲ್ಲ ಇನ್ನೊಮ್ಮೆ ಬಾರಿಸಿ ಎನ್ನುತ್ತಿದ್ದರು. ಮೃದು, ಸ್ವಚ್ಛ, ಯಾರೋ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಸಾಹುಕಾರರ ಗೆಳೆಯರು, ಅವರಂತೆಯೇ ಗಿಟಾರುಗಳ ಹುಚ್ಚು ಹಿಡಿದವರು, ಪುಣೆಯಿಂದ, ಗೋವಾದಿಂದ ಇಸ್ತಿಯಾಕನಿಗೆ ಫೋನು ಮಾಡಿ ಕಾಯಿಲ್ ಸುತ್ತಿದವರು ಯಾರೆಂದು ಕೇಳತೊಡಗಿದರು.

“ಆರ್ಜೂ ಅವರು,” ಎನ್ನುತ್ತಿದ್ದ ಇಸ್ತಿಯಾಕ. “ಎಂಟು ಸಾವಿರ ಅಂದ್ರ ಎಂಟು ಸಾವಿರ. ಒಂದು ಸುತ್ತು ಹೆಚ್ಚಿಲ್ಲ, ಒಂದು ಕಡಿಮಿಲ್ಲ.”

ಅವಳೆದುರಿಗೇ ಹೇಳುತ್ತಿದ್ದ. ವಾರಕ್ಕೊಮ್ಮೆ ಹೊಸ ಕಾಯಿಲ್ ಹಿಡಿದು ಬರುತ್ತಿದ್ದನಲ್ಲ, ಅದನ್ನು ಅವನು ಹೋದ ಮೇಲೆಯೇ ಅವಳು ಸುತ್ತುತ್ತಿದ್ದಳು. ಎರಡೆರಡು ಸಲ ಗೆರೆ ಎಣಿಸುತ್ತಿದ್ದಳು. ಆದರೂ ಮೊದಲನೆಯದು ಸುಳ್ಳೇ ಅಲ್ಲವೇ? ಅವನು ಹೊಗಳಿದಷ್ಟೂ ಅವಳ ತಲೆ ತಗ್ಗುತ್ತಿತ್ತು. ಅವನೋ, ಅದನ್ನು ನಾಚಿಕೆ ಎಂದುಕೊಂಡು ಇನ್ನಷ್ಟು ಹೊಗಳುತ್ತಿದ್ದ.

‘ಇವತ್ತ ಹೇಳಿಬಿಡ್ತೇನಿ... ಇವತ್ತಂತೂ ಹೇಳೇ ಬಿಡ್ತೇನಿ...’

ಚಹಾ ಆರಿತು, ಮಾತು ಮುಗಿಯಿತು, ಅವನು ಎದ್ದು ಹೋದ. ಹೀಗೇ ತಿಂಗಳುಗಳು ಕಳೆದವು.

ಒಂದು ದಿನ ಹೊರಡುವಾಗ ಅವನು ಬಾಗಿಲಲ್ಲಿ ನಿಂತ.

“ಅಮ್ಮೀನ್ನ ನಿಮ್ಮ ಮನಿಗೆ ಕಳಸ್ಬೇಕಂತ ಮಾಡೇನ್ರಿ. ಅಬ್ಬಾನ ಜೋಡಿ ಮಾತಾಡಾಕ. ನಿಮಗ ಒಪ್ಪಿಗಿ ಇದ್ರ ಅಷ್ಟ...”

ಅವಳ ಎದೆ ಹಿಗ್ಗಿತು. ಮರುಕ್ಷಣವೇ ಕುಸಿಯಿತು. ‘ಇವರು ಕೇಳಾಕತ್ತಿದ್ದು ಎಣಿಕಿ ತಪ್ಪದ ಆರ್ಜೂನ್ನ. ಅಕಿ ನಾ ಅಲ್ಲ.’

ಅವಳು ಉತ್ತರ ಕೊಡಲಿಲ್ಲ. ಅವನ ಫೋನು ಬಂದರೆ ಎತ್ತಲೂ ಇಲ್ಲ. ಮೂರು ವಾರ ಕಾದ ಇಸ್ತಿಯಾಕ ಮುಂದಿನ ಕಾಯಿಲನ್ನು ಆಟೋದವನ ಕೈಯಲ್ಲಿ ಕಳಿಸಿದ. ತಾನು ಬರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ತಾನು ಬೇಡ ಎಂದೇ ಅವನು ತಿಳಿದ.

*

ಆ ಕಾಯಿಲನ್ನೇ ಅವಳು ಸುತ್ತುತ್ತಿದ್ದಾಗ ಮಕ್ತುಮಸಾಬ ಒಳಗೆ ಬಂದರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು.

“ಇಸ್ತಿಯಾಕನ ಗಿಟಾರ್ ತಿರುಗಿ ಬರಾಕತ್ತೈತಿ, ಬೇಟಿ.”

ಇಪ್ಪತ್ತೊಂದು ಗೆರೆ, ಮೇಲೆ ಏಳು ಸುತ್ತು. ಅಲ್ಲಿಗೆ ಆರ್ಜೂಳ ಕೈ ನಿಂತಿತು.

“ಯಾಕಂತ ಅಬ್ಬಾ?”

“ಸಾಹುಕಾರ್ರು ಕಾಯಿಲ್‌ಗೆ ಮೀಟರ್ ಹಚ್ಚಿ ನೋಡ್ಯಾರ. ಆರೂವರಿ ಸಾವಿರ ಸುತ್ತಷ್ಟ ತೋರಸ್ತೈತಂತ. ಚೀಟಿ ಸುಳ್ಳೈತಿ ಅಂದಾರ. ಇವಾ ಏನಂದ ಗೊತ್ತೇನು? ‘ನಿಮ್ಮ ಮೀಟರ್ ಕೆಟ್ಟಿರಬೇಕ್ರಿ. ಆರ್ಜೂ ಅವರ ಎಣಿಕಿ ತಪ್ಪಂಗಿಲ್ಲ’ ಅಂದಾನ. ಅವರಿಗೆ ಸಿಟ್ಟು ಬಂದೈತಿ. ನಾಳೆ ಮುಂಜಾನೆ ರಾಯಾಪುರಕ್ಕ ಬಂದು ಗಿಟಾರ್ ವಾಪಸ್ ಕೊಡ್ತಾರಂತ. ಅವರು ಕೈಬಿಟ್ರ ಉಳದವ್ರೂ ಬಿಡ್ತಾರ.” ಅವರು ಟೋಪಿಯನ್ನು ಒಮ್ಮೆ ತಿರುವಿದರು. “ನನ್ನ ಮಗಳ ಹೆಸರಿಗೆ ನಿಂತ ಹುಡುಗ... ಅವನ ಹೆಸರು ಹೋಗಾಕತ್ತೈತಿ.”

ಆರ್ಜೂಳ ಕಣ್ಣು ಮಂಜಾಯಿತು. ಎಂಟು ತಿಂಗಳು ಗಂಟಲಲ್ಲಿ ಕೂತದ್ದು ಅಲ್ಲಿಯೇ ಹೊರಬಿತ್ತು.

“ಮೀಟರ್ ಕೆಟ್ಟಿಲ್ಲ, ಅಬ್ಬಾ.”

ಮಕ್ತುಮಸಾಬ ಟೋಪಿಯನ್ನು ತಲೆಗೇರಿಸಿ ಎದ್ದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಸುತ್ತುತ್ತಿದ್ದ ಕಾಯಿಲನ್ನು ಹಾಗೇ ಯಂತ್ರದಿಂದ ಮೆಲ್ಲಗೆ ಕಳಚಿ ಬದಿಗಿಟ್ಟು, ಯಂತ್ರವನ್ನು ಹಳೆಯ ಚಾದರದಲ್ಲಿ ಕಟ್ಟಿದರು.

“ನಾಳೆ ಇದನ್ನ ತಗೊಂಡ ಹೋಗು. ಬರೇ ಬಾಯಿಮಾತು ಸಾಲಂಗಿಲ್ಲ.”

*

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ರಾಯಾಪುರ ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ. ಇಳಿದು ಶೆಡ್ಡಿನ ಬಾಗಿಲಿಗೆ ಬಂದಾಗ ಒಳಗೆ ಇಬ್ಬರೂ ಇದ್ದರು. ಮೇಜಿನ ಮೇಲೆ ಆ ಗಿಟಾರು. ಒಂದು ಬದಿಗೆ ತಲೆ ತಗ್ಗಿಸಿದ ಇಸ್ತಿಯಾಕ, ಇನ್ನೊಂದು ಬದಿಗೆ ಬಿಳಿ ಅಂಗಿಯ ಬಸವಪ್ರಭು.

ಅವಳನ್ನು ಕಂಡದ್ದೇ ಇಸ್ತಿಯಾಕ ಎದ್ದು ನಿಂತ. “ನೋಡ್ರಿ ಸಾಹುಕಾರ್ರ, ಅವರೇ ಬಂದ್ರು. ಅವರನ್ನೇ ಕೇಳ್ರಿ.”

ಆ ನಂಬಿಕೆ ಅವಳನ್ನು ಕೊಂದೇಬಿಟ್ಟಿತು.

“ಚೀಟಿ ಸುಳ್ಳೈತ್ರಿ,” ಎಂದಳು. “ಎಣಿಕಿ ತಪ್ಪಿತ್ತು. ಎಂಟು ಸಾವಿರ ಆತು ಅಂತ ನಾ ಸುಳ್ಳು ಹೇಳಿದೆ. ಇವರಿಗೆ ಏನೂ ಗೊತ್ತಿಲ್ಲ. ಇವರ ತಪ್ಪು ಒಂದೂ ಇಲ್ಲ.”

ಅವಳು ಗಂಟು ಬಿಚ್ಚಿ ಯಂತ್ರವನ್ನು ಮೇಜಿನ ಮೇಲಿಟ್ಟಳು.

“ನಿಮ್ಮ ಮುಂದ ಕಾಯಿಲ್ ಬಿಚ್ಚತೇನ್ರಿ. ಒಂದೊಂದು ಸುತ್ತು ಎಣಸ್ತೇನಿ, ಖರೇ ಲೆಕ್ಕ ಬರ್ಕೊಳ್ರಿ. ಆಮ್ಯಾಲೆ ಎಂಟು ಸಾವಿರ ಸುತ್ತಿ ಕೊಡ್ತೇನಿ. ಗಿಟಾರ್ ಮಾತ್ರ ವಾಪಸ್ ಮಾಡಬ್ಯಾಡ್ರಿ.”

ಬಸವಪ್ರಭು ತಟ್ಟನೆ ಗಿಟಾರಿನ ಮೇಲೆ ಅಂಗೈ ಇಟ್ಟರು.

“ಬಿಚ್ಚಬ್ಯಾಡ, ತಂಗಿ. ನಮ್ಮ ಅಜ್ಜನ ಮಿಲ್ಲಿನ ತೊಲಿ ಹಿಂಗ ಹಾಡತೈತಿ. ಎಂಟು ಸಾವಿರ ಮಾಡಿದ್ರ ಅದು ಬ್ಯಾರೇದ ಆಕ್ಕೈತಿ.” ಮೊಳೆಯ ತೂತಿನ ಮೇಲೆ ಬೆರಳಾಡಿಸಿದರು. “ನನ್ನ ಕಡೆ ಇಪ್ಪತ್ತು ಗಿಟಾರ್ ಅದಾವು. ಒಂದೂ ನನಗ ಬಾರಸಾಕ ಬರಂಗಿಲ್ಲ. ಬ್ಯಾರೆಯವರು ಬಾರಸ್ತಾರ, ನಾ ಕೇಳ್ತೇನಿ. ಹಿಂದಿನ ಮುಚ್ಚಳ ತಗದು ಚೀಟಿ ಓದತೇನಿ. ಅದು ಸುಳ್ಳಾದ್ರ ಓದಾಕ ನನಗ ಏನು ಉಳೀತೈತಿ ಹೇಳು.”

ಇಸ್ತಿಯಾಕನ ಮುಖ ಬಿಳಿಚಿಕೊಂಡಿತ್ತು. ಅವನು ಸಾಹುಕಾರರಿಗೆ ಕೈ ಮುಗಿದ.

“ತಪ್ಪಾತ್ರಿ. ನಿಮ್ಮ ಮೀಟರ್ ಛಲೋ ಐತಿ. ನಾನ ಉದ್ಧಟತನ ಮಾಡಿದೆ.”

“ಖರೇ ಚೀಟಿ ಬರದು ಅಂಟಸ್ರಿ. ಅಷ್ಟ ಸಾಕು. ನಾ ಅಲ್ಲೇ ಚಹಾ ಕುಡದು ಬರ್ತೇನಿ.” ಬಾಗಿಲ ತನಕ ಹೋದವರು ತಿರುಗಿ ಗಿಟಾರನ್ನೊಮ್ಮೆ ನೋಡಿ ಹೊರಗೆ ಹೋದರು.

*

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಇಸ್ತಿಯಾಕ ಗಿಟಾರಿನ ಹಿಂಬದಿಯ ಮುಚ್ಚಳದ ಸ್ಕ್ರೂ ಬಿಚ್ಚಿ, ಹಳೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿದ.

ಆರ್ಜೂ ಅದನ್ನು ನೋಡಿದ್ದು ಅದೇ ಮೊದಲು. ಗುಂಡಗಿನ ಅಕ್ಷರಗಳು. ‘ಸುತ್ತು: ಎಂಟು ಸಾವಿರ. ಸುತ್ತಿದವರು: ಆರ್ಜೂ, ಕೇಶ್ವಾಪುರ.’ ತನ್ನ ಹೆಸರನ್ನು ಅಷ್ಟು ಜೋಪಾನವಾಗಿ ಬರೆದದ್ದನ್ನು ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ.

“ಹೊಸಾ ಚೀಟ್ಯಾಗ ನನ್ನ ಹೆಸರು ಬ್ಯಾಡ್ರಿ.”

“ಆ ದಿನಾನ ಹೇಳಿದ್ರ ನಗತಿದ್ದೆ ನಾ,” ಎಂದ ಅವನು ತಲೆ ಎತ್ತದೆ. “ಅವರ ಮುಂದ ಎಷ್ಟು ಎದಿ ತಟ್ಟಿ ಮಾತಾಡೇನಿ... ನಿಮಗ ಗೊತ್ತಿಲ್ಲ.”

“ಗೊತ್ತೈತ್ರಿ. ಅಬ್ಬಾ ಹೇಳ್ಯಾರ.”

“ಸಿಟ್ಟು ಬಂದೈತಿ ನನಗ. ಇನ್ನೂ ನಾಕ ದಿನ ಇರ್ತೈತಿ.”

“ಇರಲಿ.”

ಅವನು ಬಿಳಿ ಚೀಟಿಯೊಂದನ್ನು ಎಳೆದುಕೊಂಡು ಪೆನ್ನು ಹಿಡಿದ.

“ಎಲ್ಲಿ ತಪ್ಪಿತು?”

“ಮೂವತ್ನಾಲ್ಕು ಗೆರಿ. ಮ್ಯಾಲ ಹನ್ನೆರಡು.”

ಪೆನ್ನು ನಿಂತಿತು. ಅವನು ಈಗ ತಲೆ ಎತ್ತಿ ನೋಡಿದ. “ಎಂಟು ತಿಂಗಳಾತು. ಅಷ್ಟು ಬರೋಬ್ಬರಿ ನೆನಪೈತೇನು?”

ಅವಳು ಹೌದೆಂದು ತಲೆಯಾಡಿಸಿದಳು.

“ಹನ್ನೆರಡರ ಮ್ಯಾಲ ಏನಾತು?”

ಅಂದು ನುಂಗಿದ್ದು ಇದನ್ನೇ. ಇವತ್ತೂ ನುಂಗಿದರೆ ಮತ್ತೆ ಸುಳ್ಳೇ ಆಗುತ್ತದೆ. ಅವಳು ಕಣ್ಣೊರೆಸಿಕೊಂಡಳು.

“ನೀವು ಚಪ್ಪಲಿ ಕೈಯಾಗ ಹಿಡಕೊಂಡ ಬಾಗಲ್ದಾಗ ನಿಂತಿದ್ರಿ.”

“ಆಮ್ಯಾಲೆ?”

“ಆಮ್ಯಾಲೆ ಎಣಸಲಿಲ್ಲ. ನಿಮ್ಮನ್ನ ನೋಡಕೋತ ಕುಂತೆ.”

ಹೊರಗೆ ಬಸ್ಸೊಂದು ಹಾದು ಹೋಯಿತು. ಇಸ್ತಿಯಾಕನಿಗೆ ಅದು ಕೇಳಿಸಿರಲಿಕ್ಕಿಲ್ಲ.

“ಹಂಗಾದ್ರ... ನಾ ಅಮ್ಮೀನ ಮಾತು ಎತ್ತಿದಾಗ ಯಾಕ ಸುಮ್ಮನಾದ್ರಿ? ನಿಮಗ ನಾ ಬ್ಯಾಡ ಅಂತ ತಿಳಕೊಂಡಿದ್ದೆ.”

“ಸುಳ್ಳು ಹೇಳಿದ ಬಾಯಿಲೆ ನಿಮಗ ಹೂಂ ಅಂತ ಹ್ಯಾಂಗ ಅನ್ನಲ್ರಿ?”

ಅವನು ಚೀಟಿಯ ಮೇಲೆ ಬಾಗಿದ. ಆಮೇಲೆ ಬರೆದು ಅವಳ ಕಡೆ ಸರಿಸಿದ.

‘ಕಟ್ಟಿಗೆ: ಹತ್ತಿ ಮಿಲ್ಲಿನ ತೊಲೆ. ಸುತ್ತು: ಮೂರು ಸಾವಿರದ ನಾನೂರ ಹನ್ನೆರಡು. ಮುಂದಿನವನ್ನು ಎಣಿಸಿಲ್ಲ. ಸುತ್ತಿದವರು: ಆರ್ಜೂ, ಕೇಶ್ವಾಪುರ. ಎಣಿಕೆ ತಪ್ಪಿಸಿದವನು: ಇಸ್ತಿಯಾಕ, ರಾಯಾಪುರ.’

ಅವಳು ಎರಡು ಸಲ ಓದಿದಳು. ಅಳುವಿನ ನಡುವೆ ನಗು ಬಂತು.

“ಸಾಹುಕಾರ್ರು ಇದನ್ನ ಓದತಾರಲ್ರಿ...”

“ಓದಲಿ. ಖರೇನ ಐತಲ್ಲ.” ಅವನು ಚೀಟಿಯ ಬೆನ್ನಿಗೆ ಅಂಟು ಸವರಿದ. “ಅಮ್ಮೀನ್ನ ಯಾವಾಗ ಕಳಸ್ಲಿ?”

“ನಿಮ್ಮ ಸಿಟ್ಟು ಇಳದ ಮ್ಯಾಲೆ.”

“ಸಿಟ್ಟು ನನಗ ಐತಿ. ಅಮ್ಮಿಗೆ ಇಲ್ಲ.”

ಆರ್ಜೂ ಯಂತ್ರವನ್ನು ಮತ್ತೆ ಚಾದರದಲ್ಲಿ ಕಟ್ಟಿದಳು.

“ನಾಳೆ ಕಳಸ್ರಿ. ಆದ್ರ ನೀವು ಜೋಡಿ ಬರಬ್ಯಾಡ್ರಿ. ನಿಮ್ಮ ಕಾಯಿಲ್ ಅರ್ಧಕ್ಕ ನಿಂತೈತಿ.”

“ಎಷ್ಟಕ್ಕ ನಿಂತೈತಿ?”

“ಇಪ್ಪತ್ತೊಂದು ಗೆರಿ,” ಎಂದಳು ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು. “ಮ್ಯಾಲ ಏಳು.”