ಬರಿಗೈಯಲ್ಲಿ ಬಂದವನು

"ಅಮ್ಮಾ... ಒಂದೇ ಒಂದು ತೊಳೆ ತಿನ್ನಿ. ದೇವರು ಕೈ ಬಿಡಲ್ಲ. ನಾನಿದ್ದೀನಲ್ಲಾ..."

ಹುಣಸೂರಿನ ಆಸ್ಪತ್ರೆಯ ಹೆಂಗಸರ ವಾರ್ಡಿನ ಬಾಗಿಲಲ್ಲಿ ಬೃಂದಾ ಹಾಗೇ ನಿಂತುಬಿಟ್ಟಳು.

ಅದು ಅವಳದೇ ದನಿ!

ಅದೇ ಎಳೆತ, ಅದೇ ಮೆತ್ತಗಿನ 'ಅಮ್ಮಾ', ಕೊನೆಯಲ್ಲಿ ಅದೇ ಸಣ್ಣ ನಿಟ್ಟುಸಿರು. ಆದರೆ ಅವಳ ಬಾಯಿ ಮುಚ್ಚಿತ್ತು. ಕೈಯಲ್ಲಿ ಮೂಸಂಬಿ ತುಂಬಿದ ಬುಟ್ಟಿ. ದನಿ ಮಾತ್ರ ಅವಳಿಗಿಂತ ಮೊದಲೇ ಒಳಗೆ ಹೋಗಿ ರೋಗಿಗಳನ್ನು ಮಾತಾಡಿಸುತ್ತಿತ್ತು!

ಕಿಟಕಿ ಪಕ್ಕದ ಮಂಚದ ಬಳಿ ನೀಲಿ ಶರ್ಟಿನ ಯುವಕನೊಬ್ಬ ಇಲ್ಲದ ಮೂಸಂಬಿಯನ್ನು ಸುಲಿಯುತ್ತಾ ನಿಂತಿದ್ದ. ಇಡೀ ವಾರ್ಡು ನಗುತ್ತಿತ್ತು. ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ನಗುವವರು, ಡ್ರಿಪ್ ಹಾಕಿದ ಕೈ ಅಲ್ಲಾಡದಂತೆ ನಗುವವರು...

ಕೊನೆಗೆ ಚಿಕ್ಕಸಿದ್ದಮ್ಮ ಕೂಡ!

ಎಚ್.ಡಿ. ಕೋಟೆ ಕಡೆಯಿಂದ ಬಂದು ಸೇರಿದ ಆ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದವಳು ಯಾರ ಜೊತೆಗೂ ಮಾತಾಡಿರಲಿಲ್ಲ. ಅವಳ ಒಂದು ನಗುವಿಗಾಗಿ ಬೃಂದಾ ವಾರಗಟ್ಟಲೆ ಕಾದಿದ್ದಳು. ಈಗ ಆ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾಳೆ. ಅದೂ ಬೃಂದಾಳನ್ನೇ ಗೇಲಿ ಮಾಡುವುದನ್ನು ನೋಡಿ!

ಬೃಂದಾ ಬುಟ್ಟಿ ಹಿಡಿದೇ ಒಳಗೆ ನುಗ್ಗಿದಳು.

"ಯಾರ್ರೀ ನೀವು?"

ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದ. ಒಂದು ಕ್ಷಣ ಅವನ ಮುಖದ ನಗುವೆಲ್ಲ ಎಲ್ಲಿಗೋ ಹೋಯಿತು. ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದವನ ಹಾಗೆ ಅವಳನ್ನೇ ನೋಡಿದ.

"ಅಯ್ಯೋ... ಒರಿಜಿನಲ್ ಬಂದ್ಬುಟ್ರು!"

ಮತ್ತೆ ನಗು. ಬೃಂದಾಳ ಕಿವಿ ಬಿಸಿಯಾಯಿತು.

"ರೋಗಿಗಳ್ನ ನೋಡೋಕೆ ಬರಿಗೈಲಿ ಬರ್ತಾರೇನ್ರೀ? ಒಂದು ಬನ್ನು, ಒಂದು ಹಣ್ಣು... ಏನೂ ಇಲ್ಲ ಅಂದ್ರೆ ದೇವಸ್ಥಾನದ ಪ್ರಸಾದನಾದ್ರೂ ತರಬಾರ್ದಾ?"

"ನಾನೇ ಪ್ರಸಾದ್ ಕಣ್ರೀ! ಬಸವಪ್ರಸಾದ್. ಕೆ.ಆರ್. ನಗರದಿಂದ ಬಿಸಿಬಿಸಿಯಾಗಿ ಬಂದಿದ್ದೀನಿ."

"ನನ್ನ ದನಿ ನಿಮಗೆಲ್ಲಿ ಸಿಕ್ತು?"

ಅವನು ಕಣ್ಣು ತಗ್ಗಿಸಿದ. "ಗಾಳೀಲಿ ಸಿಕ್ತು ಬುಡಿ."

*

ಬೃಂದಾಳ ಅಮ್ಮ ಕಣ್ಣು ಮುಚ್ಚಿದ್ದು ಇದೇ ವಾರ್ಡಿನಲ್ಲಿ.

ಆ ದಿನಗಳಲ್ಲಿ ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಯಾರೋ ಹೆಂಗಸು, ಅಮ್ಮನ ಕೈಗೂ ಒಂದು ಮೂಸಂಬಿ ಇಟ್ಟು, ತಲೆ ಸವರಿ ಹೋಗಿದ್ದಳು. ಅಮ್ಮ ಅದನ್ನು ತಿನ್ನಲಿಲ್ಲ. ಸಂಜೆಯವರೆಗೂ ಮೂಗಿನ ಹತ್ತಿರ ಇಟ್ಟುಕೊಂಡು, ವಾಸನೆ ನೋಡುತ್ತಾ ಮಲಗಿದ್ದಳು. ಅಷ್ಟು ನೆಮ್ಮದಿಯಾಗಿ ಅಮ್ಮ ಮಲಗಿದ್ದನ್ನು ಬೃಂದಾ ಆಮೇಲೆ ನೋಡಲಿಲ್ಲ.

ಅಮ್ಮ ಹೋದ ಮೇಲೆ ಅವಳು ಎಷ್ಟೋ ಗುಡಿ ಸುತ್ತಿದಳು. ದೇವರ ಮುಂದೆ ಕಣ್ಣು ಮುಚ್ಚಿದರೆ ಅಳು ಬರುತ್ತಿತ್ತೇ ಹೊರತು ಶಾಂತಿ ಬರುತ್ತಿರಲಿಲ್ಲ. ಒಂದು ಶನಿವಾರ, ಬಟ್ಟೆ ಅಂಗಡಿಯ ಕೆಲಸ ಮುಗಿಸಿ, ಬುಟ್ಟಿ ಹಿಡಿದು ಇಲ್ಲಿಗೇ ಬಂದಳು. ಗುರುತಿಲ್ಲದ ಮುದುಕಿಯೊಬ್ಬಳ ಕಾಲು ಒತ್ತಿದಳು. ಅವತ್ತು... ಕಣ್ಣು ತೆರೆದೇ ಇದ್ದರೂ ಒಳಗೆ ಯಾರೋ ದೀಪ ಹಚ್ಚಿದಂತಾಯಿತು.

ಅಂದಿನಿಂದ ಹೆಂಗಸರ ವಾರ್ಡು, ಗಂಡಸರ ವಾರ್ಡು ಎಲ್ಲ ಸೇರಿ ಈ ಆಸ್ಪತ್ರೆಯೇ ಅವಳ ಗುಡಿ.

ಆ ಗುಡಿಗೆ ಈಗ ಇನ್ನೊಬ್ಬ ಪೂಜಾರಿ ಬಂದಿದ್ದ. ಅದೂ ಬರಿಗೈಯಲ್ಲಿ!

ಪ್ರಸಾದನ ಕಸುಬೇ ದನಿ. ಪ್ರಚಾರದ ಆಟೋಗೆ ಮೈಕು ಕಟ್ಟಿಕೊಂಡು ಪಿರಿಯಾಪಟ್ಟಣ, ಕೋಟೆ, ಹುಣಸೂರು ಸುತ್ತುವವನು. ಬೃಂದಾಳ ಅಂಗಡಿಯ ಸೀರೆ ರಿಯಾಯಿತಿಯನ್ನು ಊರಿಗೆಲ್ಲ ಕೂಗಿ ಹೇಳಿದ್ದೂ ಅವನೇ ಎಂದು ಆಮೇಲೆ ಗೊತ್ತಾಯಿತು. ಡಾಕ್ಟರು, ಹೆಡ್ ನರ್ಸು, ಕ್ಯಾಂಟೀನಿನವನು, ಸೈಲೆನ್ಸರ್ ಕಿತ್ತುಹೋದ ಬೈಕು... ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು.

"ಆ ಮೈಕ್ ಹುಡ್ಗ ಬಂದಿಲ್ವಾ?" ಅಂತ ರೋಗಿಗಳು ಬೃಂದಾಳನ್ನೇ ಕೇಳತೊಡಗಿದರು! ಅವಳ ಕೈಯಿಂದ ಮೂಸಂಬಿ ತೆಗೆದುಕೊಳ್ಳುತ್ತಲೇ ಬಾಗಿಲ ಕಡೆ ನೋಡುತ್ತಿದ್ದರು.

ಹೊಟ್ಟೆನೋವಿಗೆ ಆ ಆಸ್ಪತ್ರೆಯಲ್ಲಿ ಮಾತ್ರೆ ಇತ್ತು. ಹೊಟ್ಟೆಕಿಚ್ಚಿಗೆ ಯಾವ ಕೌಂಟರಿನಲ್ಲೂ ಇರಲಿಲ್ಲ.

ಶನಿವಾರ ಮಾತ್ರ ಬರುತ್ತಿದ್ದವಳು ದಿನಾ ಬರತೊಡಗಿದಳು. ಮೂಸಂಬಿ ಜೊತೆ ಬನ್ನು ಸೇರಿತು. ಬನ್ನಿನ ಜೊತೆ ಎಳನೀರು. ಹಣೆ ಒರೆಸುವಾಗಲೂ ಅವಳ ಕಣ್ಣು ಪಕ್ಕದ ಮಂಚದಲ್ಲಿ ಯಾರು ಅವನನ್ನು ನೋಡಿ ನಕ್ಕರೆಂದು ಲೆಕ್ಕ ಹಾಕುತ್ತಿತ್ತು.

'ನಾನು ಸೇವೆ ಮಾಡ್ತಿದ್ದೀನಾ... ವ್ಯಾಪಾರಕ್ಕೆ ಪೈಪೋಟಿ ಮಾಡ್ತಿದ್ದೀನಾ?'

ಒಳಗಿನ ದೀಪ ಹೊಗೆಯಾಡುತ್ತಿತ್ತು. ಅವಳಿಗೆ ಭಯವಾಯಿತು. ಅಮ್ಮ ಹೋದ ಮೇಲೆ ಉಳಿದಿದ್ದ ಇದೊಂದೇ ಜಾಗವೂ ಕೈತಪ್ಪಿ ಹೋದರೆ?

ಒಂದು ಮಧ್ಯಾಹ್ನ ಚಿಕ್ಕಸಿದ್ದಮ್ಮನಿಗೆ ನೋವು ಜಾಸ್ತಿಯಾಗಿತ್ತು. ಬೃಂದಾ ಓಡಿ ಬಂದಾಗ ಪ್ರಸಾದ್ ಆಗಲೇ ಅಲ್ಲಿದ್ದ. ಯಾರ ದನಿಯೂ ಇಲ್ಲ, ಒಂದು ಮಾತೂ ಇಲ್ಲ. ಮುದುಕಿ ಅವನ ಹೆಬ್ಬೆರಳನ್ನು ಮಗುವಿನಂತೆ ಹಿಡಿದಿದ್ದಳು. ಅವನು ಸುಮ್ಮನೆ, ಅಲುಗಾಡದೆ ಕೂತಿದ್ದ. ಕಣ್ಣಲ್ಲಿ ನೀರಿತ್ತು.

ಬೃಂದಾ ಬಾಗಿಲಲ್ಲೇ ನಿಂತಳು.

'ಇವನಿಗೆ ಸುಮ್ಮನಿರೋಕೂ ಬರುತ್ತಾ...!'

ಅವತ್ತಿನಿಂದ ಹೊಟ್ಟೆಕಿಚ್ಚು ಜಾಗ ಬದಲಾಯಿಸಿತು. ಇಷ್ಟು ದಿನ, ರೋಗಿಗಳು ಅವನನ್ನು ನೋಡಿ ನಕ್ಕರೆ ಉರಿಯುತ್ತಿತ್ತು. ಈಗ, ಅವನು ನರ್ಸಮ್ಮಂದಿರನ್ನು ನೋಡಿ ನಕ್ಕರೂ ಉರಿಯತೊಡಗಿತು!

*

ಕಿಚ್ಚಿಗೆ ತುಪ್ಪ ಸುರಿದದ್ದು ವಾರ್ಡಿನ ಆಯಾ ಪ್ರೇಮಮ್ಮ.

"ಬೃಂದವ್ವ, ನಿಂಗೊಂದ್ ವಿಸ್ಯ ಗೊತ್ತಾ? ಆ ಮೈಕು ಇದ್ದಾನಲ್ಲ... ಅವ್ನಿಗೆ ಒಬ್ಳು ಅವ್ಳೆ ಕಣವ್ವ!"

ಬೃಂದಾ ಎಳನೀರಿನ ಲೋಟ ಕೆಳಗಿಟ್ಟಳು. "ಯಾರಂತೆ?"

"ಮಲ್ಲಿ ಅಂತೆ. ದಿನಾ ಸಾಯಂಕಾಲ ಹಿಂದ್ಗಡೆ ಜಗ್ಲೀಲಿ ಕುಂತ್ಕೊಂಡು ಫೋನು. ನಾನು ಕಿಟ್ಕಿ ಒರಸ್ತಾ ಕೇಳುಸ್ಕೊಂಡೆ. 'ಲೇ ಮಲ್ಲಿ, ನಿನ್ನ ನೋಡ್ದೆ ಅನ್ನ ಸೇರಾಕಿಲ್ಲ ಕಣೆ' ಅಂತವ್ನೆ! ಅದೂ ದನಿ ಬದ್ಲಾಯಿಸ್ಕೊಂಡು. ಯಾರ್ಗೂ ಗೊತ್ತಾಗ್ಬಾರ್ದು ಅಂತ!"

"ನಂಗೇನು ಪ್ರೇಮಮ್ಮ... ಅವರಿಷ್ಟ."

ಅವರಿಷ್ಟ ಅಂದವಳು, ಆ ಸಂಜೆ ಬಸ್ ಸ್ಟ್ಯಾಂಡಿನ ಹೂವಿನವಳು ಮಲ್ಲಿಗೆ ಮೊಳ ಹಾಕುವಾಗ "ಮಲ್ಲಿಗೆ ಬೇಡ! ಕನಕಾಂಬರ ಕೊಡಿ!" ಅಂತ ಕಿರುಚಿದ್ದು ಆಚೆ ಕಡೆ ನಿಂತ ಕಂಡಕ್ಟರಿಗೂ ಕೇಳಿಸಿತು.

ನಿದ್ದೆ ಬರಲಿಲ್ಲ. ಎಲ್ಲರ ದನಿ ಕದಿಯುವವನು ನನ್ನ ಮನಸ್ಸನ್ನೂ ಕದ್ದು, ತನ್ನದನ್ನು ಇನ್ಯಾರಿಗೋ ಕೊಟ್ಟುಬಿಟ್ಟನಲ್ಲ...

ಮರುದಿನ ಸಂಜೆ ಬುಟ್ಟಿಯನ್ನು ಪ್ರೇಮಮ್ಮನ ಕೈಗಿಟ್ಟಳು.

"ಇನ್ಮೇಲೆ ನಾನು ಬರಲ್ಲ. ಇದನ್ನ ನೀವೇ ಹಂಚಿಬಿಡಿ."

"ಯಾಕವ್ವ?"

"ಮನಸ್ಸು ಶುದ್ಧ ಇಲ್ಲದೆ ಬರಬಾರ್ದು ಪ್ರೇಮಮ್ಮ."

ಹೊರಟಳು. ಗೇಟಿನ ತನಕ ಹೋದಳು. ಕಾಲು ಮಾತ್ರ ಆಸ್ಪತ್ರೆಯ ಹಿಂಭಾಗಕ್ಕೆ ತಿರುಗಿತು. 'ಒಂದ್ಸಲ... ಅವಳ ಜೊತೆ ಹೇಗೆ ಮಾತಾಡ್ತಾನೋ ಕೇಳಿಬಿಡ್ತೀನಿ. ಆಮೇಲೆ ಮುಗೀತು.'

*

ಹಿಂದಿನ ಜಗಲಿಯ ಪಕ್ಕ ಹೊಂಗೆ ಮರದ ನೆರಳು. ಬೃಂದಾ ಕಂಬದ ಮರೆಯಲ್ಲಿ ನಿಂತಳು.

ಪ್ರಸಾದ್ ಒಬ್ಬನೇ ಇರಲಿಲ್ಲ.

ವೀಲ್ ಚೇರಿನಲ್ಲಿ ಗಂಡಸರ ವಾರ್ಡಿನ ಸಣ್ಣಬೀರಯ್ಯಜ್ಜ ಕೂತಿದ್ದರು. ಗಾವಡಗೆರೆಯವರು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗಿಬಿಟ್ಟಿತ್ತು. ಕತ್ತಿನಲ್ಲೊಂದು ಕೊಳವೆ, ಮೂಗಿನಲ್ಲಿ ಗಂಜಿ ಬಿಡುವ ಪೈಪು. ಫೋನು ಅಜ್ಜನ ತೊಡೆಯ ಮೇಲೆ, ಸ್ಪೀಕರಿನಲ್ಲಿ.

ಅಜ್ಜ ತುಟಿ ಆಡಿಸಿದರು. ಸದ್ದಿಲ್ಲ. ಬೆರಳುಗಳನ್ನು ಬಾಯಿಯ ಹತ್ತಿರ ತಂದರು.

ಪ್ರಸಾದ್ ಅವರ ತುಟಿಯನ್ನೇ ನೋಡುತ್ತಾ, ಒಡಕು ದನಿಯಲ್ಲಿ ಗದರಿದ: "ಲೇ ಮಲ್ಲಿ! ಉಂಡ್ಯಾ ಇಲ್ವಾ? ಮುದ್ದೆ ಬುಟ್ಟು ಬರೀ ಟೀ ಕುಡ್ಕೊಂಡು ಕುಂತಿದ್ದೀಯಾ?"

"ಉಂಡೆ ಕಣ್ರೀ," ಫೋನಿನಿಂದ ಮುದುಕಿಯ ದನಿ. "ಕಾಲಿಗೆ ಪ್ಲಾಸ್ಟರ್ ಹಾಕವ್ರೆ, ಬಾಯ್ಗಲ್ಲ. ಬಸ್ ಹತ್ತಂಗಿದ್ರೆ ಇಷ್ಟೊತ್ಗೆ ಅಲ್ಲೇ ಇರ್ತಿದ್ದೆ. ನೀವೇನ್ ಉಂಡ್ರಿ?"

ಅಜ್ಜ ಪೈಪು ತೋರಿಸಿ, ಮುಖ ಸಿಂಡರಿಸಿ, ಆಮೇಲೆ ಎದೆಯ ಮೇಲೆ ಕೈಯಿಟ್ಟರು.

"ಅದೇ ಗಂಜಿ. ನಿನ್ನ ನೋಡ್ದೆ ಯಾವ್ದೂ ಸೇರಾಕಿಲ್ಲ ಕಣೆ."

ಫೋನಿನ ದನಿ ತಗ್ಗಿತು.

"ಪ್ರಸಾದಪ್ಪ... ಅವ್ರು ನಿಜ್ವಾಗ್ಲೂ ಅಂಗಂದ್ರಾ? ನೀನೇ ಸೇರುಸ್ಕೊಂಡ್ಯಾ?"

"ಅವ್ರೇ ಅಂದ್ರು ಕಣಜ್ಜಿ. ನಾನು ಬರೀ ಮೈಕು."

"ಮದ್ವೆ ಆದಾಗಿಂದ ಬರೀ ಗದರಿದ್ದೇ ಕಣಪ್ಪ..." ಅಜ್ಜನ ಹೆಂಡತಿ ಮಲ್ಲಾಜಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ. "ದನಿ ಹೋದ್ಮೇಲೆ ಮಾತು ಬಂತು!"

ಬೃಂದಾ ಕಂಬಕ್ಕೆ ಹಣೆಯೊತ್ತಿದಳು. ಕಣ್ಣೀರು ತಾನಾಗಿ ಇಳಿಯಿತು. ಮಲ್ಲಿ... ಮಲ್ಲಾಜಮ್ಮ! ಒಬ್ಬ ಮುದುಕನ ಪ್ರೀತಿಗೆ ದನಿ ಕೊಡುತ್ತಿದ್ದವನ ಮೇಲೆ ಎಷ್ಟು ಉರಿದುಕೊಂಡೆ...

ಬಿಕ್ಕಿದ ಸದ್ದಿಗೆ ಅಜ್ಜ ತಿರುಗಿದರು. ಅವಳನ್ನು ನೋಡಿದರು. ಪ್ರಸಾದನನ್ನು ನೋಡಿದರು. ಕಣ್ಣು ಮಿನುಗಿತು.

ತುಟಿ ಆಡಿಸಿದರು. ಪ್ರಸಾದನ ಎದೆಗೆ ಬೆರಳು ತೋರಿಸಿ, ಬೃಂದಾಳ ಕಡೆ ತೋರಿಸಿದರು.

ಪ್ರಸಾದ್ ಬಾಯಿ ತೆರೆದ. ದನಿ ಬರಲಿಲ್ಲ.

"ಯಾಕ್ ನಿಲ್ಲಿಸ್ದೆ? ಏನಂತವ್ರೆ?" ಫೋನು ಕೇಳಿತು.

"ಏನಿಲ್ಲ ಕಣಜ್ಜಿ..."

ಅಜ್ಜ ಅವನ ತೊಡೆಗೆ ಪಟ್ ಅಂತ ಒಂದು ಕೊಟ್ಟರು. ಪ್ರಸಾದ್ ತಲೆ ತಗ್ಗಿಸಿ, ಅಜ್ಜನ ದನಿಯಲ್ಲೇ, ತೊದಲುತ್ತಾ ಹೇಳಿದ:

"ಲೇ ಮಲ್ಲಿ... ಈ ಮೈಕು... ಆ ಮೂಸಂಬಿ ಹುಡ್ಗಿ ಮ್ಯಾಲೆ ಪ್ರಾಣ ಇಟ್ಕೊಂಡವ್ನೆ. ಬಾಯಿ ಬುಡಾಕೆ ಎದ್ರುತಾನೆ."

ಬೃಂದಾ ಹತ್ತಿರ ಬಂದಳು. "ಇದು ಅಜ್ಜನ ದನಿ. ನಿಮ್ಮದು ಎಲ್ಲಿ?"

"ನಂದು... ಅಷ್ಟು ಚೆನ್ನಾಗಿಲ್ಲ ಕಣ್ರೀ."

"ಹೇಗಿದ್ರೂ ಅದ್ರಲ್ಲೇ ಹೇಳಿ."

ಅವನು ಎದ್ದು ನಿಂತ. ಮೈಕು ಹಿಡಿದು ಊರೂರು ಕೂಗಿದವನ ದನಿ ಈಗ ನಡುಗುತ್ತಿತ್ತು.

"ಡೆಂಗ್ಯೂ ಬಂದು ಇಲ್ಲೇ ಮಲಗಿದ್ದೆ. ಅಜ್ಜನ ಪಕ್ಕದ ಮಂಚ. ಗಾವಡಗೆರೇಲಿ ಆಟೋ ನಿಲ್ಲಿಸ್ದಾಗೆಲ್ಲ 'ದನ ಬೆದರ್ತವೆ, ಸೌಂಡ್ ಕಮ್ಮಿ ಮಾಡ್ಲಾ' ಅಂತ ಬೈತಿದ್ದೋರು ಇವ್ರೇ... ಆ ದನಿ ನಂಗೆ ಬಾಯಿಪಾಠ. ಅದಕ್ಕೇ ಅವ್ರ ದನೀಲಿ ಮಾತಾಡೋಕೆ ಸಾಧ್ಯ ಆಯ್ತು."

"ಮತ್ತೆ ನನ್ನ ದನಿ?"

"ನನ್ನ ನೋಡೋಕೆ ಯಾರೂ ಬಂದಿರ್ಲಿಲ್ಲ ಬೃಂದಾ. ಮುಸುಕು ಹಾಕ್ಕೊಂಡು ಮಲಗಿದ್ದೆ. ಯಾರೋ ದಿಂಬಿನ ಪಕ್ಕ ಮೂಸಂಬಿ ಇಟ್ರು. 'ಒಂದೇ ಒಂದು ತೊಳೆ ತಿನ್ನಿ, ನಾನಿದ್ದೀನಲ್ಲಾ' ಅಂದ್ರು. ಮುಸುಕು ತೆಗೆಯೋಷ್ಟರಲ್ಲಿ ಹೋಗ್ಬಿಟ್ಟಿದ್ರು. ಮುಖ ಸಿಗ್ಲಿಲ್ಲ, ದನಿ ಮಾತ್ರ ಸಿಕ್ತು. ಮರೀಬಾರ್ದು ಅಂತ ಅದನ್ನೇ ಹೇಳ್ಕೊತಿದ್ದೆ. ವಾಸಿಯಾದ್ಮೇಲೂ ಬಂದೆ. ಎಲ್ರಿಗೂ ಅದು ಗೇಲಿ ಥರ ಕೇಳಿಸ್ತು... ನಂಗದು ಜಪ ಆಗಿತ್ತು."

ಬೃಂದಾಳ ಎದೆಯಲ್ಲಿ ಹೊಗೆಯಾಡುತ್ತಿದ್ದ ದೀಪ ಮೆಲ್ಲಗೆ ನೆಟ್ಟಗಾಯಿತು. ಅಮ್ಮನ ಮೂಗಿನ ಬಳಿಯಿದ್ದ ಆ ಒಂದು ಮೂಸಂಬಿ... ಅದು ಯಾರ ಕೈಯಿಂದ ಯಾರ ಕೈಗೆ, ಎಲ್ಲಿಯವರೆಗೆ ಬಂದಿತ್ತು!

"ನಂಗೆ ನಿಮ್ಮನ್ನ ಕಂಡ್ರೆ ತುಂಬಾ ಹೊಟ್ಟೆಕಿಚ್ಚಿತ್ತು," ಎಂದಳು.

"ಈಗ?"

ಉತ್ತರಿಸುವ ಮೊದಲೇ ಫೋನು ಕಿರುಚಿತು. "ಏನಾಯ್ತ್ರೀ? ಹೆಣ್ಣು ಒಪ್ತಾ? ಯಾರಾದ್ರೂ ಬಾಯ್ಬುಡ್ರಪ್ಪ!"

ಅಜ್ಜ ಬೃಂದಾಳನ್ನು ನೋಡಿ ಹುಬ್ಬು ಹಾರಿಸಿದರು. ಅವಳು ಫೋನಿನ ಹತ್ತಿರ ಬಗ್ಗಿ, ಗಂಟಲು ಕೆರೆದು, ಬಾರದ ಒಡಕು ದನಿಯನ್ನು ಎಳೆದು ತಂದಳು.

"ಲೇ ಮಲ್ಲಿ... ಒಪ್ಕೊಂಡ್ಲು ಕಣೆ!"

ಅಜ್ಜನ ಹೆಗಲು ಸದ್ದಿಲ್ಲದ ನಗುವಿನಲ್ಲಿ ಕುಲುಕಿತು.

ಪ್ರಸಾದ್ ಮಾತ್ರ ನಗಲಿಲ್ಲ. ಕಣ್ಣೊರೆಸಿಕೊಂಡ. "ಮುಸುಕಿನೊಳಗೆ ಇನ್ನೊಂದು ಮಾತು ಕೇಳಿಸಿತ್ತು. ಅದನ್ನೊಂದು ವಾಪಸ್ ತಗೊಳ್ಳಿ."

"ಏನಂದಿದ್ದೆ?"

"ಶುರುವಿನಲ್ಲಿ... 'ಅಣ್ಣಾ' ಅಂದಿದ್ರಿ."

ಅಳುವಿನ ನಡುವೆಯೇ ಬೃಂದಾ ಜೋರಾಗಿ ನಕ್ಕಳು. "ತಗೊಂಡೆ. ನೀವೂ ಇನ್ಮೇಲೆ ಇಲ್ಲಿಗೆ ಬರಿಗೈಲಿ ಬರಬೇಡಿ."

ಹಾಗೆನ್ನುತ್ತಲೇ ತನ್ನ ಕೈಯನ್ನು ಅವನ ಕೈಯೊಳಗೆ ಇಟ್ಟಳು.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತನ್ನದೇ ದನಿಯಲ್ಲಿ, ಮೆಲ್ಲಗೆ ಅಂದ:

"ಇನ್ನೆಲ್ಲಿ ಬರಿಗೈ, ಬೃಂದಾ..."